ನಮ್ಮ ಮಗ ಹೀಗಿಲ್ಲ

'ಎಕ್ಸ್‌ಟ್ರಾಆರ್ಡಿನರಿ ಅಟಾರ್ನಿ ವೂ' ಎಂಬ ಕೊರಿಯನ್ ಧಾರಾವಾಹಿ ನೋಡಿದವರ ಮಾತುಗಳಲ್ಲಿ ನನಗೆ ತುಂಬ ಹಿಡಿಸಿದ್ದು ಕೊರಿಯಾದ ನೌಕರಿಯವರದು. ಈ ಕತೆಯಲ್ಲಿ ನಂಬಲಾಗದ ಪಾತ್ರ ಆಟಿಸಂ ಇರುವ ವಕೀಲೆಯದಲ್ಲ, ಅವಳ ಮೇಲಧಿಕಾರಿಯದು ಎಂದರು ಅವರು. ಆ ಅಧಿಕಾರಿ ಜಂಗ್ ಮ್ಯುಂಗ್‌ಸೊಕ್‌ಗೆ ಮೊದಲ ಕಂತಿನಲ್ಲಿ ಈ ಹುಡುಗಿ ತನ್ನ ತಂಡಕ್ಕೆ ಬೇಡ. ಸಾಮಾನ್ಯ ವಕೀಲರಿಗೇ ಈ ಕೆಲಸ ಕಷ್ಟ ಎಂದುಬಿಡುತ್ತಾನೆ. ಮರುಗಳಿಗೆ ಆ ಮಾತು ಅವಳಿಗೆ ಚುಚ್ಚಿರಬಹುದು ಎಂದು ಹೊಳೆದು ಕ್ಷಮೆ ಕೇಳುತ್ತಾನೆ. ಪರವಾಗಿಲ್ಲ, ನಾನು ಸಾಮಾನ್ಯ ವಕೀಲೆ ಅಲ್ಲವಲ್ಲ ಎನ್ನುತ್ತಾಳೆ ವೂ ಯಂಗ್‌ವೂ, ಕೋಪವಾಗಲಿ ವ್ಯಂಗ್ಯವಾಗಲಿ ಇಲ್ಲದೆ. ನಿನ್ನೆ ಮೊನ್ನೆ ಕೆಲಸಕ್ಕೆ ಸೇರಿದವಳ ಎದುರು ತಪ್ಪಾಯಿತು ಎನ್ನುವ ಬಾಸನ್ನು ಜನ ತಮ್ಮ ಆಫೀಸಿನಲ್ಲಿ ಕಂಡಿರಲಿಲ್ಲ. ಅದಕ್ಕೇ ಅವನನ್ನು ಅಷ್ಟು ಪ್ರೀತಿಸಿದರು.

2022ರ ಜೂನ್ 29ರಂದು ಈ ಧಾರಾವಾಹಿ ಶುರುವಾದದ್ದು ಇಎನ್‌ಎ ಎಂಬ, ಕೊರಿಯಾದಲ್ಲೂ ಹೆಚ್ಚು ಜನರಿಗೆ ಗೊತ್ತಿರದ ಕೇಬಲ್ ಚಾನೆಲ್ಲಿನಲ್ಲಿ. ಮೊದಲ ಕಂತಿನ ರೇಟಿಂಗ್ ಶೇ. 1 ಕೂಡ ಮುಟ್ಟಲಿಲ್ಲ. ಆಗಸ್ಟ್ 18ರಂದು 16ನೆಯ ಹಾಗೂ ಕೊನೆಯ ಕಂತು ಬಂದಾಗ ಅದು ಶೇ. 17.5 ದಾಟಿತ್ತು. ನೋಡಿದವರು ಇನ್ನೊಬ್ಬರಿಗೆ ಹೇಳಿ, ಅವರು ಮತ್ತೊಬ್ಬರಿಗೆ ಹೇಳಿ ಬೆಳೆದ ಸಂಖ್ಯೆ ಇದು. ನೆಟ್‌ಫ್ಲಿಕ್ಸ್ ಮೂಲಕ ನಮ್ಮ ಮನೆಗಳಿಗೂ ಬಂತು.

ಕಿರುತೆರೆಯ ಕೋರ್ಟು ಎಂದರೆ ನಮಗೆ ಟಿ.ಎನ್. ಸೀತಾರಾಮ್. ಅವರ ವಕೀಲ ಪಾತ್ರ ಸಿಎಸ್‌ಪಿ ಪಾಟೀಸವಾಲಿಗೆ ನಿಂತರೆ ಇಡೀ ಮನೆ ಮಾತು ನಿಲ್ಲಿಸಿ ಕೂರುತ್ತಿತ್ತು. ಯಂಗ್‌ವೂ ಕೋರ್ಟಿನ ಸೊಗಸು ಬೇರೆ. ಎದುರಾಳಿಯನ್ನು ಮಾತಿನಲ್ಲಿ ಕಟ್ಟಿಹಾಕುವುದು ಇಲ್ಲಿ ಕಡಿಮೆ, ಎಲ್ಲರೂ ಒಂದು ಕಡೆಯಿಂದ ನೋಡುತ್ತಿದ್ದ ಕೇಸನ್ನು ಇನ್ನೊಂದು ಕಡೆಯಿಂದ ನೋಡುವುದು ಹೆಚ್ಚು. ಮೊದಲ ಕಂತಿನಲ್ಲಿ ಒಬ್ಬ ಮುದುಕಿ ಗಂಡನ ತಲೆಗೆ ಇಸ್ತ್ರಿಪೆಟ್ಟಿಗೆಯಿಂದ ಹೊಡೆದಿದ್ದಾಳೆ. ಜೈಲು ತಪ್ಪಿದರೆ ಸಾಕು ಎಂದು ಉಳಿದ ವಕೀಲರ ಲೆಕ್ಕ. ಕೊಲೆಯತ್ನ ಎಂದು ತೀರ್ಪಾದರೆ ನಾಳೆ ಗಂಡನ ಆಸ್ತಿಯಲ್ಲಿ ಈ ಅಜ್ಜಿಗೆ ಪಾಲು ಸಿಗದು, ಅವಳು ಬದುಕುವುದು ಹೇಗೆ ಎಂದು ಯೋಚಿಸುವವಳು ಯಂಗ್‌ವೂ ಒಬ್ಬಳೇ. ಕಾನೂನು ಎಂದರೆ ಹೊಟ್ಟೆಪಾಡಿನ ವಿಷಯ ಎಂದು ಇಷ್ಟು ಹಗುರವಾಗಿ ತೋರಿಸಿದ ಕೋರ್ಟ್ ಕತೆಯನ್ನು ನಾನು ಬೇರೆ ನೋಡಿಲ್ಲ.

ಹಗುರ ಎಂದಾಗ ಆ ತಿರುಗುವ ಬಾಗಿಲಿನ ಮಾತು ಹೇಳಲೇಬೇಕು. ಹಾನ್‌ಬಾದಾ ಎಂಬ ದೊಡ್ಡ ವಕೀಲರ ಕಚೇರಿಯ ಬಾಗಿಲಲ್ಲಿ ಯಂಗ್‌ವೂ ನಿಂತೇ ಇರುತ್ತಾಳೆ. ಸುತ್ತುವ ಗಾಜಿನೊಳಗೆ ಯಾವಾಗ ಕಾಲಿಡಬೇಕು, ಯಾವಾಗ ಹೊರಬರಬೇಕು ತಿಳಿಯದು. ಸಹೋದ್ಯೋಗಿ ಜುನ್‌ಹೋ ಅವಳಿಗೆ ವಾಲ್ಟ್ಜ್ ನೃತ್ಯದ ಮೂರು ಹೆಜ್ಜೆಯ ತಾಳ ಹೇಳಿಕೊಡುತ್ತಾನೆ. ಕೈಹಿಡಿದು ದಾಟಿಸಿದ್ದರೆ ಅದು ಬರೀ ಉಪಕಾರವಾಗುತ್ತಿತ್ತು, ನಾಳೆ ಮತ್ತೆ ಅವನಿಗಾಗಿ ಕಾಯಬೇಕಾಗುತ್ತಿತ್ತು. ತಾಳ ಅವಳದಾಗಿ ಉಳಿಯುತ್ತದೆ. ತಿಮಿಂಗಿಲಗಳ ಬಗ್ಗೆ ಅವಳು ಬಾಯಿತುಂಬ ಆಡುವ ಮಾತು, ಒಳಗೇನಿದೆ ಎಂದು ಕಣ್ಣಿಗೆ ಕಾಣುತ್ತದೆ ಎಂಬ ಕಾರಣಕ್ಕೆ ದಿನವೂ ತಿನ್ನುವ ಕಿಂಬಾಪ್ ಎಂಬ ಅನ್ನದ ಸುರುಳಿ, ಇವೆಲ್ಲ ಜನಕ್ಕೆ ಹತ್ತಿರವಾದವು. ನಟಿ ಪಾರ್ಕ್ ಉನ್‌ಬಿನ್ ಈ ಪಾತ್ರಕ್ಕೆ ಸುಲಭದಲ್ಲಿ ಒಪ್ಪಿರಲಿಲ್ಲ. ಯಾರನ್ನಾದರೂ ನೋಯಿಸಿಯೇನು ಎಂಬ ಅಳುಕು ಅವರಿಗಿತ್ತು, ಅವರಿಗಾಗಿ ತಂಡ ಕಾಯಿತು. ಆ ಅಳುಕೇ ನಟನೆಯನ್ನು ಕಾಪಾಡಿದೆ ಎಂದು ನನಗನಿಸುತ್ತದೆ.

ಆದರೂ ನೋವು ಪೂರ್ತಿ ತಪ್ಪಲಿಲ್ಲ. ಆಟಿಸಂ ಇರುವ ಮಗನನ್ನು ಬೆಳೆಸುತ್ತಿರುವ ನನ್ನ ಪರಿಚಯದ ತಾಯಿಯೊಬ್ಬರು ಮೊದಲ ಎರಡು ಕಂತು ನೋಡಿ ನಿಲ್ಲಿಸಿದರು. "ಚೆನ್ನಾಗಿದೆ ಕಣ್ರೀ, ಆದ್ರೆ ನಮ್ಮ ಮಗ ಹೀಗಿಲ್ಲ" ಎಂದರು. ಕೊರಿಯಾದ ಎಷ್ಟೋ ಅಪ್ಪ ಅಮ್ಮಂದಿರು ಹೇಳಿದ್ದೂ ಇದನ್ನೇ. ಕಾನೂನಿನ ಪುಸ್ತಕಗಳನ್ನೆಲ್ಲ ತಲೆಯಲ್ಲಿಟ್ಟುಕೊಂಡು ಸೋಲ್ ರಾಷ್ಟ್ರೀಯ ವಿಶ್ವವಿದ್ಯಾಲಯದ ಕಾನೂನು ಶಾಲೆಗೇ ಮೊದಲಿಗಳಾಗಿ ಬಂದವಳು ಯಂಗ್‌ವೂ. ಅಂಥ ಅಸಾಧಾರಣ ಶಕ್ತಿ ಆಟಿಸಂ ಇರುವವರಲ್ಲಿ ಕೆಲವರಿಗೆ ಮಾತ್ರ ಇರುತ್ತದೆ. ಮಾತೇ ಬಾರದ, ಸ್ನಾನಕ್ಕೂ ಊಟಕ್ಕೂ ಇನ್ನೊಬ್ಬರು ಬೇಕಾದ ಮಕ್ಕಳ ಮನೆಗೆ ನೆಂಟರು ಬಂದು ನಿಮ್ಮವನಿಗೆ ಯಾವುದರಲ್ಲಿ ಪ್ರತಿಭೆ ಎಂದು ಕೇಳಿದರೆ ಆ ತಾಯಿ ಏನು ಹೇಳಬೇಕು? ಇದನ್ನು ಕತೆಯ ಸಂತೋಷ ಕೆಡಿಸುವ ಗೊಣಗಾಟ ಎಂದು ತಳ್ಳಿಹಾಕಿದ ಅಭಿಮಾನಿಗಳ ಮೇಲೆ ನನಗೆ ಸಿಟ್ಟಿದೆ.

ಮೂರನೆಯ ಕಂತು ನೋಡಿ ಎಂದು ನನ್ನ ಪರಿಚಯದ ಆ ತಾಯಿಗೆ ಹೇಳಿದೆ. ಅದರಲ್ಲಿ ವೈದ್ಯಕೀಯ ಓದುತ್ತಿದ್ದ ಅಣ್ಣ ಸತ್ತಿದ್ದಾನೆ, ತೀವ್ರ ಆಟಿಸಂ ಇರುವ ತಮ್ಮ ಜಂಗ್‌ಹೂನ್ ಮೇಲೆ ಆರೋಪ. ಅವನ ತಾಯಿ ಯಂಗ್‌ವೂಳನ್ನು ಕಂಡು ಹಿಗ್ಗುವುದಿಲ್ಲ, ಒಳಗೇ ಕುಗ್ಗುತ್ತಾಳೆ. ಇಬ್ಬರಿಗೂ ಆಟಿಸಂ, ಇಬ್ಬರೂ ಎಷ್ಟು ಬೇರೆ! ಕೋರ್ಟಿನಲ್ಲಿ ಸರ್ಕಾರಿ ವಕೀಲ ಯಂಗ್‌ವೂಳ ಜಾಣತನವನ್ನೇ ಜಂಗ್‌ಹೂನ್ ವಿರುದ್ಧ ತಿರುಗಿಸುತ್ತಾನೆ. ಈಕೆಗೂ ಆಟಿಸಂ ಇದೆಯಲ್ಲ, ಈಕೆ ವಾದ ಮಾಡುತ್ತಿದ್ದಾಳಲ್ಲ, ಹಾಗಿದ್ದ ಮೇಲೆ ಅವನಿಗೇಕೆ ರಿಯಾಯಿತಿ? ಒಬ್ಬಳ ಗೆಲುವು ಇನ್ನೊಬ್ಬನಿಗೆ ಮುಳುವಾಗಬಲ್ಲದು ಎಂಬುದನ್ನು ಟೀಕಾಕಾರರು ಹೇಳುವ ಮೊದಲೇ ಈ ಕಂತು ಹೇಳಿಬಿಟ್ಟಿದೆ. ಸತ್ತವನು ಡಾಕ್ಟರಾಗುವವನು, ಉಳಿದವನು ಇಂಥವನು, ದೇಶಕ್ಕೇ ನಷ್ಟ ಎಂಬ ಅರ್ಥದ ಸಾರ್ವಜನಿಕರ ಮಾತನ್ನು ಯಂಗ್‌ವೂ ಅಂತರ್ಜಾಲದಲ್ಲಿ ಓದುತ್ತಾಳೆ. ನೂರಾರು ಜನ ಅದನ್ನು ಮೆಚ್ಚಿದ್ದಾರೆ. ತನ್ನಂಥವರು ಹೊತ್ತಿರುವ ಭಾರ ಇದೇ ಎಂದುಕೊಳ್ಳುತ್ತಾಳೆ, ಆ ಕಂತಿನ ಕೊನೆಗೆ ರಾಜೀನಾಮೆ ಕೊಡುತ್ತಾಳೆ. ನಿಜ ಏನೆಂದರೆ ನೇಣಿಗೆ ಕೊರಳೊಡ್ಡಿದ್ದ ಅಣ್ಣನನ್ನು ಉಳಿಸಲು ಒದ್ದಾಡಿದವನು ಆ ತಮ್ಮ.

ಕಂತು ನೋಡಿದ ಮೇಲೆ ಅವರು ಹೇಳಿದ್ದು, "ಆ ತಾಯಿ ಇನ್ನೂ ಸ್ವಲ್ಪ ಹೊತ್ತು ಇರಬೇಕಿತ್ತು." ಇದಕ್ಕಿಂತ ಸರಿಯಾದ ವಿಮರ್ಶೆ ನನ್ನಲ್ಲಿಲ್ಲ.

ಪ್ರೇಕ್ಷಕರ ಪ್ರೀತಿ ಎಲ್ಲಿಗೆ ಬೇಕಾದರೂ ಹರಿಯುತ್ತದೆ. ಏಳು ಎಂಟನೆಯ ಕಂತುಗಳಲ್ಲಿ ಹೆದ್ದಾರಿ ಒಂದು ಹಳ್ಳಿಯನ್ನು ಸೀಳಲಿದೆ, ಗುಡ್ಡದ ಮೇಲಿನ ಹಳೆಯ ಮರ ಊರಿನವರ ಪಕ್ಷಕ್ಕೆ ಸಾಕ್ಷಿಯಂತೆ ನಿಂತಿದೆ. ಮರ ನಿಜವಾದದ್ದೇ, ಚಾಂಗ್ವನ್ ನಗರದ ದೊಂಗ್ಬು ಹಳ್ಳಿಯದು, ಸುಮಾರು 500 ವರ್ಷದ್ದು. ಜನ ಹಿಂಡುಹಿಂಡಾಗಿ ಹೋಗಿ ನೋಡಿದರು. ಅದೇ ವರ್ಷದ ಅಕ್ಟೋಬರಿನಲ್ಲಿ ಕೊರಿಯಾ ಸರ್ಕಾರ ಅದನ್ನು ರಾಷ್ಟ್ರದ ನೈಸರ್ಗಿಕ ಸ್ಮಾರಕವೆಂದು ಘೋಷಿಸಿತು. ಮರಕ್ಕೆ ಇಷ್ಟು ಬೇಗ ಸಿಕ್ಕ ರಕ್ಷಣೆ ಜಂಗ್‌ಹೂನ್‌ನಂಥವರಿಗೆ ಸಿಗುವುದು ಯಾವಾಗ ಎಂದು ಯೋಚಿಸದೆ ಇರಲಾಗಲಿಲ್ಲ.

ಲೇಖಕಿ ಮೂನ್ ಜಿವನ್ ಇದಕ್ಕೂ ಮೊದಲು 'ಇನೊಸೆಂಟ್ ವಿಟ್ನೆಸ್' ಎಂಬ 2019ರ ಸಿನಿಮಾ ಬರೆದಿದ್ದರು. ಅದರಲ್ಲಿ ಆಟಿಸಂ ಇರುವ ಶಾಲಾ ಹುಡುಗಿ ಜಿವೂ ಒಂದು ಸಾವಿಗೆ ಸಾಕ್ಷಿ. ಅವಳಿಗೆ ವಕೀಲೆಯಾಗುವ ಆಸೆ, ಆಗಲಾರೆ ಎಂದು ತಾನೇ ತಿಳಿಯುತ್ತಾಳೆ. ಆ ಹುಡುಗಿ ವಕೀಲೆಯಾಗಲು ಸಾಧ್ಯವೇ ಎಂದು ಆ ಸಿನಿಮಾ ನೋಡಿದ ಧಾರಾವಾಹಿ ನಿರ್ಮಾಪಕರು ಕೇಳಿದ ಪ್ರಶ್ನೆಯಿಂದ ಯಂಗ್‌ವೂ ಹುಟ್ಟಿದಳು. ಅಂದರೆ ಪ್ರೇಕ್ಷಕರಾಗಿ ಕೂತವರ ಒಂದು ಮಾತಿಗೆ ಈ ಲೇಖಕಿ ಹಿಂದೊಮ್ಮೆ 16 ಕಂತುಗಳ ಉತ್ತರ ಕೊಟ್ಟಿದ್ದಾರೆ. ಈ ಸಲ ಜಂಗ್‌ಹೂನ್ ಮತ್ತು ಅವನ ತಾಯಿಯ ಬಗ್ಗೆ ಕೇಳೋಣ. ಬೆಳಿಗ್ಗೆ ಅವರ ಮನೆಯಲ್ಲಿ ಏನಾಗುತ್ತದೆ, ಅವನು ಯಾವುದಕ್ಕೆ ನಗುತ್ತಾನೆ, ಅವಳಿಗೆ ವಯಸ್ಸಾದ ಮೇಲೆ ಅವನು ಯಾರ ಜೊತೆ ಇರುತ್ತಾನೆ? ಇದನ್ನು ಕಣ್ಣೀರಿನ ಕತೆ ಮಾಡದೆ, ಇದೇ ನಗುಮುಖದಲ್ಲಿ ಬರೆಯುವ ಕೈ ಅವರಿಗಿದೆ.