ಅವರ ಪರವಾಗಿ

ನಮ್ಮೂರು ಧುಪದಾಳ. ಹೆಸರು ಕೇಳದವರಿಗೆ ಗೋಕಾಕ ಜಲಪಾತದ ಗುರುತು ಹೇಳಬೇಕಾಗುತ್ತದೆ. ಅಲ್ಲಿ ಧುಮುಕುವ ಘಟಪ್ರಭೆಯನ್ನು ಅದಕ್ಕೂ ಮೊದಲೇ ನಮ್ಮೂರ ಬಳಿ ಒಂದು ಒಡ್ಡು ತಡೆದು ನಿಲ್ಲಿಸಿದೆ. 19ನೆಯ ಶತಮಾನದ ಕೊನೆಯ ಭಾಗದಲ್ಲಿ ಕಟ್ಟಿದ ಒಡ್ಡು ಅದು. ಅದರ ಎಡದಂಡೆಯಿಂದ ಹೊರಟ ಕಾಲುವೆ ಮೈಲುಗಟ್ಟಲೆ ದೂರದ ಹೊಲಗಳಿಗೆ ನೀರುಣಿಸುತ್ತದೆ. ಆ ಹೊಲಗಳಲ್ಲಿ ದುಡಿಯುವವರ ಪಾಲಿಗೆ ಕಾಲುವೆಯೇ ಹೊಳೆ. ಹೊಳೆಯ ಪರವಾಗಿ ಕಾಲುವೆ ಬಂದು ನಿಂತರೆ ಬೆಳೆಗೆ ಅಷ್ಟೇ ಸಾಕು.

ಹೀಗೆ ಒಬ್ಬರ ಪರವಾಗಿ ಇನ್ನೊಬ್ಬರು ನಿಲ್ಲುವ ವಿದ್ಯೆಯನ್ನು ನಾನು ಗಣಕಯಂತ್ರಕ್ಕೆ ಕಲಿಸಬೇಕಾಗಿ ಬಂದಿತು. ಬೆಂಗಳೂರಿನಲ್ಲಿ ನನ್ನ ಉದ್ಯೋಗ ಅದೇ. ಗೋದಾಮುಗಳ ಸರಕಿನ ಲೆಕ್ಕವಿಡುವ ಕಾರ್ಯಕ್ರಮವೊಂದನ್ನು ಪೈಥಾನ್ ಎಂಬ ಭಾಷೆಯಲ್ಲಿ ಬರೆಯುತ್ತಿದ್ದೆವು. ಲೆಕ್ಕದ ಮೂಲವಸ್ತು ದೂರದ ಬೇರೊಂದು ಯಂತ್ರದಲ್ಲಿತ್ತು. ಅದರ ಬದಲಿಗೆ ನಮ್ಮ ಯಂತ್ರದಲ್ಲಿ ಕುಳಿತು, ಕೇಳಿದ ಪ್ರಶ್ನೆಯನ್ನೆಲ್ಲ ಅಲ್ಲಿಗೆ ಮುಟ್ಟಿಸಿ, ಬಂದ ಉತ್ತರವನ್ನು ತನ್ನದೇ ಎಂಬಂತೆ ಹೇಳುವ ಒಂದು ಪ್ರತಿನಿಧಿ ಬೇಕಾಗಿತ್ತು. ಇದಕ್ಕೆ ನಮ್ಮವರು ಪ್ರಾಕ್ಸಿ ಎನ್ನುತ್ತಾರೆ.

ಇಂಥ ಭಾಷೆಗಳಲ್ಲಿ ಈ ಕೆಲಸ ಬೆರಗಾಗುವಷ್ಟು ಸುಲಭ. ಒಂದು ವಸ್ತುವಿಗೆ ಯಾವ ಗುಣವಿದೆ, ಯಾವುದಿಲ್ಲ ಎಂಬ ವಿಚಾರಣೆ ಕಾರ್ಯಕ್ರಮ ನಡೆಯುತ್ತಿರುವಾಗಲೇ ಆಗುತ್ತದೆ. ಕೇಳಿದ ಹೆಸರು ವಸ್ತುವಿನಲ್ಲಿ ಸಿಗದೆ ಹೋದರೆ, ಪೈಥಾನ್ ಒಮ್ಮೆಲೇ ಕೈಚೆಲ್ಲದೆ ‘ಗೆಟ್‌ಆಟ್ರ್’ ಎಂಬ ವಿಧಾನವನ್ನು ಕರೆದು ನೋಡುತ್ತದೆ. ಪ್ರತಿನಿಧಿಯ ಬಳಿ ತನ್ನದೆನ್ನುವ ಗುಣವೊಂದೂ ಇಲ್ಲ. ಇರುವುದು ಮೂಲದ ವಿಳಾಸ ಮಾತ್ರ. ಆದುದರಿಂದ ಪ್ರಶ್ನೆಗಳೆಲ್ಲ ಈ ಬಾಗಿಲಿಗೇ ಬರುತ್ತವೆ, ಅಲ್ಲಿಂದ ಮೂಲಕ್ಕೆ ಹೋಗುತ್ತವೆ. 1970ರ ದಶಕದಲ್ಲಿ ಹುಟ್ಟಿದ ಸ್ಮಾಲ್‌ಟಾಕ್ ಭಾಷೆಯಲ್ಲೂ ‘ಇದು ನನಗೆ ಅರ್ಥವಾಗಲಿಲ್ಲ’ ಎಂಬ ಸಂದೇಶವನ್ನೇ ಹಿಡಿದು ಈ ಉಪಾಯ ಮಾಡುತ್ತಿದ್ದರು. ಜಾವಾಸ್ಕ್ರಿಪ್ಟ್ ಭಾಷೆಯಂತೂ 2015ರ ಆವೃತ್ತಿಯಲ್ಲಿ ಪ್ರಾಕ್ಸಿಯೆಂಬುದನ್ನೇ ತನ್ನೊಳಗೆ ಸೇರಿಸಿಕೊಂಡಿತು.

ಐದಾರು ಸಾಲು ಬರೆದು ಮೀಸೆ ತಿರುವಿದೆ. ಗರ್ವಭಂಗಕ್ಕೆ ಮಧ್ಯಾಹ್ನದವರೆಗೂ ಕಾಯಬೇಕಾಗಲಿಲ್ಲ. ‘ಲೆನ್’ ಎಂದು, ಅಂದರೆ ‘ನಿನ್ನಲ್ಲಿ ಎಷ್ಟು ಬಾಬುಗಳಿವೆ?’ ಎಂದು ಕೇಳಿದರೆ ಪ್ರತಿನಿಧಿ ದೋಷವೆಂದು ನಿಂತುಬಿಟ್ಟಿತು. ಇಂಥ ಕೆಲವು ವಿಶೇಷ ಪ್ರಶ್ನೆಗಳನ್ನು ಪೈಥಾನ್ ವಸ್ತುವಿಗೆ ಕೇಳುವುದಿಲ್ಲ; ನೇರವಾಗಿ ಅದರ ವರ್ಗದಲ್ಲಿ ಹುಡುಕುತ್ತದೆ. ನಾನು ತೆರೆದಿಟ್ಟ ಬಾಗಿಲಿನ ಕಡೆ ತಿರುಗಿಯೂ ನೋಡುವುದಿಲ್ಲ. ಎಣಿಸುವುದು, ಕೂಡಿಸುವುದು, ಹೋಲಿಸುವುದು—ಒಂದೊಂದಕ್ಕೂ ವರ್ಗದಲ್ಲೇ ಪ್ರತ್ಯೇಕವಾಗಿ ಉತ್ತರ ಬರೆದಿಡಬೇಕಾಯಿತು. ಅಷ್ಟೆಲ್ಲ ಮಾಡಿದ ಮೇಲೂ ‘ಇದೂ ಅದೂ ಒಂದೇ ವಸ್ತುವೇ?’ ಎಂದು ಕೇಳಿದರೆ ಪೈಥಾನ್ ‘ಅಲ್ಲ’ ಎಂದೇ ಹೇಳುತ್ತದೆ. ಆ ಪ್ರಶ್ನೆಯನ್ನು ದಾರಿ ತಪ್ಪಿಸಲು ಯಾವ ಉಪಾಯವೂ ಇಲ್ಲ.

ದೂರದ ಯಂತ್ರಕ್ಕೆ ಪ್ರತಿ ಸಲ ಹೋಗಿಬರುವುದು ತಡವೆಂದು ನಾನು ಇನ್ನೊಂದು ಜಾಣತನ ಮಾಡಿದೆ. ಒಮ್ಮೆ ಬಂದ ಉತ್ತರವನ್ನು ಪ್ರತಿನಿಧಿ ನೆನಪಿಟ್ಟುಕೊಂಡು, ಮತ್ತೆ ಕೇಳಿದಾಗ ಅದನ್ನೇ ಹೇಳುವಂತೆ ಮಾಡಿದೆ. ವೇಗ ಕಂಡು ಎಲ್ಲರೂ ಬೆನ್ನು ತಟ್ಟಿದರು. ಎರಡು ವಾರಗಳ ಬಳಿಕ, ಗೋದಾಮಿನಲ್ಲಿ ಖಾಲಿಯಾಗಿದ್ದ ಸರಕನ್ನು ನನ್ನ ಪ್ರತಿನಿಧಿ ‘ಇದೆ’ ಎಂದು ಹೇಳುತ್ತಲೇ ಇದ್ದುದು ಬಯಲಾಯಿತು. ಹಳೆಯ ಉತ್ತರ ಯಾವಾಗ ಹಳಸುತ್ತದೆಂದು ಅದಕ್ಕೆ ನಾನು ತಿಳಿಸಿರಲೇ ಇಲ್ಲ. ಎರಡು ರಾತ್ರಿ ಕುಳಿತು ತಿದ್ದಿ, ತಲೆ ತಗ್ಗಿಸಿಕೊಂಡು ರಜೆ ಪಡೆದು ಊರಿಗೆ ಹೊರಟೆ.

ಘಟಪ್ರಭಾ ಸ್ಟೇಷನ್ನಿನಲ್ಲಿಳಿದು ಮನೆಗೆ ಬಂದಾಗ ಅಪ್ಪ ಕಟ್ಟೆಯ ಮೇಲೆ ಕುಳಿತಿದ್ದರು. ಎದುರಿಗೆ ನಿಂತೆ. ‘ಯಾರವರು?’ ಎಂದರು. ಹತ್ತಿರ ಹೋಗಿ ಕೈ ಹಿಡಿದ ಮೇಲೆ ಗುರುತಿಸಿದರು. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಒಡ್ಡಿನ ಹಿನ್ನೀರು 1974ರಿಂದ ಪಕ್ಷಿಧಾಮ. ಚಳಿಗಾಲದ ಬೆಳಗುಗಳಲ್ಲಿ ಅಲ್ಲಿ ನಿಂತು ಕೊಕ್ಕರೆಗಳನ್ನು ಎಣಿಸುವುದು ಅಪ್ಪನ ನೇಮ. ಆ ವರ್ಷ ಅವರು ಅತ್ತ ಹೋಗಿರಲೇ ಇಲ್ಲ.

ಅಪ್ಪನಿಗೆ ಕಿವಿ ಮಂದವಾದಂದಿನಿಂದ ಫೋನಿನಲ್ಲಿ ಅವರ ಪರವಾಗಿ ಮಾತನಾಡುವವಳು ಅವ್ವ. ಪ್ರತಿ ರವಿವಾರ ‘ಅಪ್ಪಾ ಹೆಂಗದಾರ?’ ಎಂದು ಕೇಳುತ್ತಿದ್ದೆ. ‘ಆರಾಮ ಅದಾರ ನೋಡಪಾ’ ಎನ್ನುತ್ತಿದ್ದಳು. ನನ್ನ ಪ್ರತಿನಿಧಿಯ ರೋಗವೇ ಅವ್ವನಿಗೂ ತಗುಲಿದೆ, ಹಳೆಯ ಉತ್ತರವನ್ನೇ ಒಪ್ಪಿಸುತ್ತಿದ್ದಾಳೆ ಎಂದುಕೊಂಡೆ. ತುಸು ಬಿರುಸಾಗಿಯೇ ಕೇಳಿದೆ.

‘ನಾ ಏನ್ ನನ್ನ ಮನಸ್ಸಿಗೆ ಬಂದದ್ದು ಹೇಳೀನೇನು? ಪ್ರತಿ ಸಲ ಅವರನ್ನ ಕೇಳೇ ಹೇಳೀನಿ. ಆರಾಮ ಅದೀನಿ ಅಂತ ಹೇಳು ಅಂದ್ರು, ಹೇಳಿದೆ. ಕಣ್ಣು ಹೆಂಗದಾವ ಅಂತ ನೀ ಒಂದಿನಾನರ ಕೇಳಿದೇನು?’

ನನ್ನ ಬಳಿ ಉತ್ತರವಿರಲಿಲ್ಲ. ಅವಳು ಪ್ರಶ್ನೆಯನ್ನು ಮುಟ್ಟಿಸಿದ್ದಳು, ಉತ್ತರವನ್ನು ಒಂದಕ್ಷರ ಬದಲಿಸದೆ ತಂದಿದ್ದಳು. ವರ್ಷವಿಡೀ ಒಂದೇ ಪ್ರಶ್ನೆ ಕೇಳಿ ಕರ್ತವ್ಯ ಮುಗಿಯಿತೆಂದು ಫೋನಿಟ್ಟವನು ನಾನು.

ಆ ತಿಂಗಳೇ ಬೆಳಗಾವಿಯಲ್ಲಿ ಒಂದು ಕಣ್ಣಿನ ಶಸ್ತ್ರಚಿಕಿತ್ಸೆಯಾಯಿತು, ಬಳಿಕ ಇನ್ನೊಂದರದು. ಈಗ ರವಿವಾರ ಅವ್ವನೊಡನೆ ಮಾತು ಮುಗಿದ ಮೇಲೆ ಫೋನನ್ನು ಅಪ್ಪನ ಕೈಗೆ ಕೊಡಿಸುತ್ತೇನೆ. ನನ್ನ ಮಾತು ಅವರಿಗೆ ಅರ್ಧವೂ ಕೇಳಿಸುವುದಿಲ್ಲ. ‘ಊಟ ಆತೇನಪ್ಪಾ?’ ಎಂದು ನಾನು ಕೂಗಿದರೆ, ‘ಇವತ್ತ ನಲವತ್ತೆರಡು ಬಂದಿದ್ದುವು!’ ಎಂದು ಅವರು ಅದಕ್ಕಿಂತ ಗಟ್ಟಿಯಾಗಿ ಕೂಗುತ್ತಾರೆ.