ನಾವು ಪೋಣಿಸಿದ ಪದಕದ ಸರ

ಊರು ಬಿಟ್ಟು ಬಂದು ನೆಲಸಿದವರ ಮನೆಗಳಲ್ಲಿ ಒಂದು ಹಳೆಯ ಡಬ್ಬಿ ಇದ್ದೇ ಇರುತ್ತದೆ. ಬೀಗದ ಕೈ ಕಳೆದ ಬೀಗ, ಜೊತೆ ತಪ್ಪಿದ ಓಲೆ, ಯಾವ ಕಾಲದ್ದೋ ಒಂದು ತಾಮ್ರದ ಕಾಸು, ಕಡಿದ ಸರದ ಮಣಿಗಳು—ಬಳಸಲು ಬಾರದ, ಎಸೆಯಲು ಮನಸ್ಸು ಬಾರದ ವಸ್ತುಗಳೆಲ್ಲ ಅದರಲ್ಲಿ ಸೇರಿರುತ್ತವೆ. ವಿಶಾಖಪಟ್ಟಣದ ನಮ್ಮ ಮನೆಯಲ್ಲಿಯೂ ಅಂಥದೊಂದು ಡಬ್ಬಿಯುಂಟು. ಹೋದ ವರ್ಷ ದಸರೆಗೆ ಮುಂಚೆ ಗೊಂಬೆ ಇಳಿಸುವಾಗ ನಮ್ಮ ಮಗಳು ಅದನ್ನು ತೆರೆದಳು. ತಳದಲ್ಲಿ, ಬಟ್ಟೆಯ ಗಂಟಿನಲ್ಲಿ, ಹವಳದ ಮಣಿಗಳೂ ಕರಿಮಣಿಗಳೂ ಇದ್ದವು.

“ಅಜ್ಜಿ, ಇದು ಯಾರ ಸರ?” ಎಂದು ಕೇಳಿದಳು.

“ನಂದೇ ಕಣವ್ವ. ಪದಕವೇ ಇಲ್ಲ, ಸರ ಯಾತಕ್ಕೆ? ಅಲ್ಲೇ ಇಡು” ಎಂದರು ನಮ್ಮ ತಾಯಿ.

ಆ ಪದಕ ಎಲ್ಲಿ ಹೋಯಿತೆಂಬುದು ನಮಗೆ ಗೊತ್ತು. ನಮ್ಮ ಕಾಲೇಜಿನ ಫೀಜು ಕಟ್ಟಲು ಮನೆಯಲ್ಲಿ ದುಡ್ಡಿಲ್ಲದ ವರ್ಷ ಅದೂ ಅದರ ಅಕ್ಕಪಕ್ಕದ ಚಿನ್ನದ ಗುಂಡುಗಳೂ ಮಾರಾಟವಾದವು. ಆ ಓದಿನಿಂದ ಕೆಲಸ, ಆ ಕೆಲಸದಿಂದ ಈ ಕಡಲೂರು. ತಾಯಿಯವರು ಆ ಮಾತನ್ನು ಒಮ್ಮೆಯೂ ಎತ್ತಿದವರಲ್ಲ. ಸಂಬಳ ಕೈಗೆ ಬಂದ ಮೇಲೆ ಹೊಸ ಪದಕ ಮಾಡಿಸಿಕೊಡುತ್ತೇವೆಂದು ನಾವು ಎರಡು ಸಲ ಹೇಳಿದ್ದೆವು. “ಹೋದದ್ದು ಹೋಯಿತು, ಮಕ್ಕಳಿಗೆ ಮಾಡಿಸಿ” ಎಂದು ಎರಡು ಸಲವೂ ತಳ್ಳಿಹಾಕಿದ್ದರು. ಈಗಿನ ಚಿನ್ನದ ಬೆಲೆಯಲ್ಲಿ ಮೂರನೆಯ ಸಲ ಕೇಳುವ ಧೈರ್ಯ ನಮಗೂ ಇರಲಿಲ್ಲ.

ಮಗಳು ಮಾತ್ರ ಬಿಡಲಿಲ್ಲ. “ಚಿನ್ನವೇ ಏಕೆ ಬೇಕು? ಮರದ ಪದಕ ಹಾಕೋಣ. ಏಟಿಕೊಪ್ಪಾಕದಲ್ಲಿ ಸಿಗುತ್ತದೆ. ನಾವೇ ಪೋಣಿಸೋಣ” ಎಂದಳು. ಮರದ ಪದಕವೆಂದರೆ ತಾಯಿಯವರು ಮುಖ ಸಿಂಡರಿಸಿಯಾರೆಂದು ನಾವು ಅಂಜಿದೆವು. ಅವರು ಹೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ. ಮರುದಿನ ಭಾನುವಾರ, ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು, ಅವರನ್ನೂ ಹೊರಡಿಸಿಕೊಂಡು ಬಸ್ಸು ಹತ್ತಿದೆವು.

ಏಟಿಕೊಪ್ಪಾಕ ವಿಶಾಖಪಟ್ಟಣದಿಂದ ಸುಮಾರು 65 ಕಿಲೋಮೀಟರು ದೂರ. ವರಾಹ ನದಿಯ ದಡದ ಹಳ್ಳಿ. ಹಿಂದೆ ವಿಶಾಖಪಟ್ಟಣ ಜಿಲ್ಲೆಗೇ ಸೇರಿದ್ದು, 2022ರಿಂದ ಹೊಸದಾದ ಅನಕಾಪಲ್ಲಿ ಜಿಲ್ಲೆಯಲ್ಲಿದೆ. ಹೆದ್ದಾರಿಯಲ್ಲಿ ಗಾಜುವಾಕ ದಾಟಿದ ಮೇಲೆ ಅನಕಾಪಲ್ಲಿ ಸಿಗುತ್ತದೆ. ಅದು ಬೆಲ್ಲದ ಮಂಡಿಗೆ ದೇಶದಲ್ಲೇ ಹೆಸರಾದ ಊರು. ತಾಯಿಯವರ ತವರು ಮದ್ದೂರಿನ ಕಡೆ. ಅಲ್ಲಿಯೂ ಆಲೆಮನೆ, ಅಲ್ಲಿಯೂ ಬೆಲ್ಲದ ಗಾಡಿ. “ಇಲ್ಲೂ ಕಬ್ಬು ಬೆಳೀತಾರಾ?” ಎಂದು ಕಿಟಕಿಯಿಂದ ಇಣುಕಿ ನೋಡಿದರು. ಈ ನಾಡಿಗೆ ಬಂದು ಇಷ್ಟು ವರ್ಷವಾದರೂ ಅವರು ಕಂಡಿದ್ದುದು ಮನೆ, ದೇವಸ್ಥಾನ, ಕಡಲ ದಂಡೆ ಇಷ್ಟೇ. ತೆಲುಗಿನಲ್ಲಿ ತರಕಾರಿಯ ಬೆಲೆಯ ಆಚೆಗೆ ಮಾತಿರಲಿಲ್ಲ.

ಯಲಮಂಚಿಲಿಯಲ್ಲಿ ಬಸ್ಸಿಳಿದು ಆಟೋ ಹಿಡಿದು ಊರು ಸೇರಿದೆವು. ಒಂದು ಮನೆಯ ಜಗಲಿಯಲ್ಲಿ ಕುಶಲಕರ್ಮಿಯೊಬ್ಬರು ತಿರುಗಣೆಯ ಮುಂದೆ ಕುಳಿತಿದ್ದರು. ಹಿಂದೆ ಕೈಯಿಂದ ತಿರುಗಿಸುತ್ತಿದ್ದ ಈ ತಿರುಗಣೆಗಳಿಗೆ ಈಗ ವಿದ್ಯುತ್ ಮೋಟಾರು. ಬೆರಳು ಗಾತ್ರದ ಮರದ ತುಂಡನ್ನು ಅದಕ್ಕೆ ಸಿಕ್ಕಿಸಿ, ಉಳಿಯನ್ನು ತಾಕಿಸುತ್ತಲೇ ಬಿಳಿಯ ಹೊಟ್ಟು ಸುರುಳಿ ಸುರುಳಿಯಾಗಿ ಹಾರಿತು. ಕಣ್ಣು ಮುಚ್ಚಿ ತೆರೆಯುವುದರೊಳಗೆ ಒಂದು ಗುಂಡು ಮಣಿ. ತಿರುಗುತ್ತಿರುವ ಮಣಿಗೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿದರು. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತಿತು. ಆಮೇಲೆ ಕೇದಗೆಯ ಗರಿಯಿಂದ ಒರಸಿದರೆ ಕನ್ನಡಿಯಂಥ ಹೊಳಪು!

ಅರಗು ಕಾದ ವಾಸನೆ ಬಂದೊಡನೆ ತಾಯಿಯವರು ಜಗಲಿಯ ಮೇಲೆ ಕುಳಿತೇಬಿಟ್ಟರು. “ಇದು ಚನ್ನಪಟ್ಟಣದ ವಾಸನೆ” ಎಂದರು. ಚಿಕ್ಕಂದಿನಲ್ಲಿ ಸಂತೆಗೆ ಹೋದಾಗ ಗೊಂಬೆ ಮಾಡುವವರ ಬಾಗಿಲಲ್ಲಿ ನಿಂತು ನೋಡುತ್ತಿದ್ದುದನ್ನು ಅವರು ಹೇಳಿದ್ದು ಅಂದೇ ಮೊದಲು. ಹೊಟ್ಟನ್ನು ಕೈಗೆತ್ತಿಕೊಂಡು, “ಹಾಲೆ ಮರ ಅಲ್ಲವೇನಪ್ಪ ಇದು?” ಎಂದು ಕನ್ನಡದಲ್ಲೇ ಕೇಳಿದರು.

ಅವರು ನಕ್ಕು, “ಇದಿ ಅಂಕುಡು ಕರ್ರ, ಅಮ್ಮಾ” ಎಂದರು.

“ಕಡಿದರೆ ಹಾಲು ಬರ್‍ತದಲ್ಲ, ಅದು!”

“ಅವುನಮ್ಮಾ, ಪಾಲು ಕಾರತಾಯಿ!”

ಇಬ್ಬರೂ ಹೇಳಿದ್ದು ಒಂದೇ ಮರವನ್ನು. ಚನ್ನಪಟ್ಟಣದ ಗೊಂಬೆಗೂ ಏಟಿಕೊಪ್ಪಾಕದ ಗೊಂಬೆಗೂ ಮರ ಒಂದೇ. ನಮ್ಮಲ್ಲಿ ಅದು ಹಾಲೆ, ಇಲ್ಲಿ ಅಂಕುಡು. ಗಂಟಿಲ್ಲದ, ನಯವಾದ, ಹಗುರವಾದ ಮರವಾದುದರಿಂದ ತಿರುಗಣೆಗೆ ಒಗ್ಗುತ್ತದೆ, ಅರಗನ್ನೂ ಹಿಡಿಯುತ್ತದೆ. ಹಾಲು ಎಂಬುದಕ್ಕೆ ತೆಲುಗಿನವರು ಪಾಲು ಎನ್ನುತ್ತಾರೆಂದು ನಾವು ನಗುವಂತಿಲ್ಲ. ಹಳಗನ್ನಡದಲ್ಲಿ ನಮಗೂ ಅದು ಪಾಲೇ ಆಗಿತ್ತು.

ಬಣ್ಣಗಳ ವಿಷಯವನ್ನು ಇಲ್ಲಿ ಹೇಳಲೇಬೇಕು. ನಡುವೆ ಒಂದು ಕಾಲದಲ್ಲಿ ರಾಸಾಯನಿಕ ಬಣ್ಣಗಳು ಬಂದು ಹಳೆಯ ವಿದ್ಯೆ ಮರೆಯಾಗುವ ಸ್ಥಿತಿ ಒದಗಿತ್ತು. ಅದೇ ಊರಿನ ಸಿ. ವಿ. ರಾಜು ಅವರು ಸಸ್ಯಗಳಿಂದ ಬಣ್ಣ ತೆಗೆಯುವುದನ್ನು ಮತ್ತೆ ಬಳಕೆಗೆ ತಂದರು. ಅರಿಶಿನದಿಂದ ಹಳದಿ, ನೀಲಿ ಗಿಡದಿಂದ ನೀಲಿ, ಎರಡೂ ಬೆರೆತರೆ ಹಸಿರು, ಜಾಫ್ರಾ ಬೀಜದಿಂದ ಕಿತ್ತಳೆ. ಎಳೆಯ ಮಕ್ಕಳು ಬಾಯಿಗಿಟ್ಟರೂ ಭಯವಿಲ್ಲವೆಂಬುದೇ ಈ ಗೊಂಬೆಗಳ ಹಿರಿಮೆ. ಏಟಿಕೊಪ್ಪಾಕದ ಗೊಂಬೆಗಳಿಗೆ 2017ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ದೊರೆಯಿತು. ಚನ್ನಪಟ್ಟಣಕ್ಕೆ ಅದಕ್ಕಿಂತ ಮೊದಲೇ ದೊರೆತಿತ್ತು. ರಾಜು ಅವರಿಗೆ 2023ರಲ್ಲಿ ಪದ್ಮಶ್ರೀ ಬಂದಿತು. 2025ರ ಗಣರಾಜ್ಯೋತ್ಸವದಲ್ಲಿ ಆಂಧ್ರದ ಸ್ತಬ್ಧಚಿತ್ರವಾಗಿ ಈ ಗೊಂಬೆಗಳೇ ದೆಹಲಿಯ ರಾಜಬೀದಿಯಲ್ಲಿ ಮೆರೆದವು.

ನಾವು ಆರಿಸಿದ್ದು ಹುಣಿಸೆ ಬೀಜದ ಬಣ್ಣದ ಅಂಚು, ನಡುವೆ ಅರಿಶಿನದ ಹಳದಿ ಇರುವ ಒಂದು ದುಂಡು ಪದಕ. ಅಗಲ ಎಂಟಾಣೆ ನಾಣ್ಯಕ್ಕಿಂತ ಸ್ವಲ್ಪ ಹೆಚ್ಚು. ಅದರ ಎರಡು ಪಕ್ಕಕ್ಕೆಂದು ಎರಡು ಅರಗಿನ ಮಣಿಗಳನ್ನೂ ಕೊಂಡೆವು. ಆರಿಸಿದವರು ತಾಯಿಯವರು. ಏಕೆ ಅದೇ ಎಂದು ನಾವು ಕೇಳಲಿಲ್ಲ.

ದಸರೆಯ ರಜೆಗೆ ಬೆಜವಾಡದಲ್ಲಿರುವ ಅಕ್ಕನ ಮನೆಗೆ ಹೊರಟಾಗ ಡಬ್ಬಿಯೂ ನಮ್ಮೊಡನೆ ಹೊರಟಿತು. ವಿಶಾಖಪಟ್ಟಣದಿಂದ ವಿಜಯವಾಡಕ್ಕೆ ರೈಲಿನಲ್ಲಿ ಸುಮಾರು 350 ಕಿಲೋಮೀಟರು. ತುನಿ, ಅನ್ನವರಂ, ಸಾಮರ್ಲಕೋಟ ಕಳೆದು, ರಾಜಮಹೇಂದ್ರಿಯಲ್ಲಿ ಗೋದಾವರಿಯ ಉದ್ದನೆಯ ಸೇತುವೆ ದಾಟಿ, ಏಲೂರಿನ ಹಸಿರು ಗದ್ದೆಗಳ ನಡುವೆ ಹಾದು ಸಂಜೆಗೆ ಊರು ಸೇರಿದೆವು.

ಬೆಜವಾಡವೂ ಪದಕದ ಕೆಲಸಕ್ಕೆ ತಕ್ಕ ಊರೇ. ಅಲ್ಲಿಂದ ಸುಮಾರು 70 ಕಿಲೋಮೀಟರು ದೂರದ ಮಚಲೀಪಟ್ಟಣದಲ್ಲಿ ಚಿಲಕಲಪೂಡಿ ಎಂಬ ಭಾಗವುಂಟು. ಚಿನ್ನದ ಲೇಪ ಕೊಟ್ಟ ಒಡವೆಗಳಿಗೆ ಅದು ಪ್ರಸಿದ್ಧ. ಪದಕ, ಸರ, ಓಲೆ, ಬಳೆ—ನೋಡಿದವರು ಅಪ್ಪಟ ಚಿನ್ನವೆಂದೇ ನಂಬಬೇಕು. ಅಲ್ಲಿ ಪಾಂಡುರಂಗನ ದೇವಸ್ಥಾನವೂ ಇದೆ. ದಾಸರ ಪದ ಕೇಳಿ ಬೆಳೆದ ನಮ್ಮವರಿಗೆ ತೆಲುಗು ಕಡಲ ತೀರದಲ್ಲಿ ವಿಠ್ಠಲ ಸಿಕ್ಕಿದರೆ ನೆಂಟರು ಸಿಕ್ಕಿದ ಹಾಗೆ! ಸರದ ಕೊಂಡಿ, ಮಣಿಯ ಟೋಪಿ, ಪದಕದ ಬಳೆ ಇವನ್ನು ಅಕ್ಕ ಅಲ್ಲಿಂದ ತಂದಿಟ್ಟಿದ್ದಳು. ದಾರ, ಮೇಣಗಳನ್ನು ಬೆಸೆಂಟ್ ರಸ್ತೆಯಲ್ಲಿ ಕೊಂಡೆವು.

ವಿಜಯದಶಮಿಯ ಮಾರನೆಯ ದಿನ ಮಧ್ಯಾಹ್ನ ಊಟವಾದ ಮೇಲೆ ಚಾಪೆ ಹಾಸಿ ಎಲ್ಲರೂ ಕುಳಿತೆವು. ಮನೆಯಲ್ಲಿ ಪೋಣಿಸಬೇಕೆಂದಿರುವ ಓದುಗರಿಗಾಗಿ ಅದರ ಕ್ರಮವನ್ನು ಬರೆಯುತ್ತೇವೆ.

ಮೊದಲು ಮಣಿಗಳನ್ನು ತಟ್ಟೆಯಲ್ಲಿ ಒದ್ದೆ ಬಟ್ಟೆಯ ಮೇಲೆ ಹರಡಬೇಕು, ಉರುಳುವುದಿಲ್ಲ. ನಮ್ಮ ಹವಳಗಳು 42 ಇದ್ದವು. ಎರಡು ಸೀಳಿದ್ದವು. ಉಳಿದ 40ನ್ನು ಈ ಕಡೆ 20, ಆ ಕಡೆ 20 ಎಂದು ಹಂಚಿದೆವು. ಹವಳಕ್ಕೂ ಹವಳಕ್ಕೂ ನಡುವೆ ಎರಡು ಕರಿಮಣಿ. ಹುಡುಗಿಯರ ಕೊರಳಿಗೆ 16ರಿಂದ 18 ಅಂಗುಲ ಸಾಕು. ದಾರವನ್ನು ಅದರ ಎರಡರಷ್ಟಕ್ಕೆ ಒಂದು ಗೇಣು ಸೇರಿಸಿ ಕತ್ತರಿಸಬೇಕು, ಗಂಟುಗಳು ಬಹಳ ದಾರ ತಿನ್ನುತ್ತವೆ. ಸೂಜಿ ಹೋಗದಷ್ಟು ಸಣ್ಣ ತೂತಾದರೆ ದಾರದ ತುದಿಗೆ ಮೇಣ ಹಚ್ಚಿ ಹೊಸೆದರೆ ಅದೇ ಸೂಜಿಯಾಗುತ್ತದೆ. ಪದಕವನ್ನು ಮೊದಲು ನಡುವಿಗೆ ಹಾಕಿ, ಎರಡು ಕಡೆಗೂ ಸಮವಾಗಿ ಪೋಣಿಸುತ್ತ ಬರಬೇಕು. ಒಂದು ಕಡೆಯಿಂದ ಆರಂಭಿಸಿದರೆ ಲೆಕ್ಕ ತಪ್ಪುತ್ತದೆ.

ನಮ್ಮ ಮಗಳು ಒಂದು ಕಡೆಯಿಂದಲೇ ಆರಂಭಿಸಿದಳು. ಮುಗಿದ ಮೇಲೆ ಎತ್ತಿ ಹಿಡಿದರೆ ಪದಕ ಎಡಕ್ಕೆ ವಾಲಿತು. ಎಣಿಸಿದರೆ ಈ ಕಡೆ 21, ಆ ಕಡೆ 19. ಅವಳು ಅಳುವುದೊಂದು ಬಾಕಿ. ಅಷ್ಟು ಹೊತ್ತೂ ಗೋಡೆಗೊರಗಿ ಸುಮ್ಮನಿದ್ದ ತಾಯಿಯವರು, “ಕೊಡಿಲ್ಲಿ ಮಗಾ” ಎಂದು ಕೈ ಚಾಚಿದರು. ಎಲ್ಲವನ್ನೂ ಬಿಚ್ಚಿ, ಕನ್ನಡಕ ಏರಿಸಿಕೊಂಡು, ಐದು ಹವಳಕ್ಕೊಂದು ಗಂಟಿನಂತೆ ಮತ್ತೆ ಕಟ್ಟತೊಡಗಿದರು. “ಗಂಟು ಹಾಕಿದರೆ ದಾರ ಕಡಿದರೂ ಐದೇ ಮಣಿ ಹೋಗುವುದು. ನಮ್ಮವ್ವ ಹಿಂಗೇ ಕಟ್ತಿದ್ದಳು” ಎಂದರು. ಮೊಮ್ಮಗಳು ಕೈಗೆ ಮಣಿ ಕೊಡುತ್ತ ಹೋದಳು. ಅಜ್ಜಿ ಹೆಸರು ಹೇಳುತ್ತ ಹೋದರು. ಗುಂಡಿನ ಸರ, ಕಾಸಿನ ಸರ, ಅಡ್ಡಿಗೆ. ಕೊಡಗಿನವರ ಪತ್ತಾಕು, ಕೊಕ್ಕೆತಾತಿ. ಕಾಸಿನ ಸರಕ್ಕೆ ಇಲ್ಲಿಯವರು ಕಾಸುಲಪೇರು, ಕರಿಮಣಿಗೆ ನಲ್ಲಪೂಸಲು ಎನ್ನುತ್ತಾರೆಂದು ಮೊಮ್ಮಗಳು ಅಜ್ಜಿಗೆ ಕಲಿಸಿದಳು. ಮನೆಯಲ್ಲೂ ತೆಲುಗು ಬೆರೆಸಿ ಮಾತನಾಡುವ ಹುಡುಗಿ ಒಂದು ಮಧ್ಯಾಹ್ನವೆಲ್ಲ ಕನ್ನಡದಲ್ಲಿ ಕುಳಿತಿದ್ದುದನ್ನು ನಾವು ಕಂಡದ್ದು ಬಹಳ ದಿನಗಳ ಮೇಲೆ.

ಕೊನೆಯ ಗಂಟು ಹಾಕುವಾಗ ತಾಯಿಯವರು ನಮ್ಮ ಕಡೆ ನೋಡದೆ, “ಆ ಪದಕ ಕೊಟ್ಟದ್ದಕ್ಕೆ ನಾನು ಯಾವತ್ತೂ ನೊಂದುಕೊಂಡಿಲ್ಲ” ಎಂದರು. ನಮಗೆ ಉತ್ತರ ಹೊಳೆಯಲಿಲ್ಲ. ಅಕ್ಕ ಕಾಫಿಗೆ ನೀರಿಡಲು ಎದ್ದಳು.

ಸಂಜೆ ಪ್ರಕಾಶಂ ಬ್ಯಾರೇಜಿನ ಮೇಲೆ ನಡೆದು ಹೋದೆವು. ಎದುರಿಗೆ ಇಂದ್ರಕೀಲಾದ್ರಿಯ ಮೇಲೆ ಕನಕದುರ್ಗಮ್ಮನ ಗುಡಿ. ಒಂದಾನೊಂದು ದಿನ ಕೃಷ್ಣೆಯು ಉಕ್ಕಿ ಬಂದು ಅಮ್ಮನ ಮೂಗುತಿಯನ್ನು ಮುಟ್ಟುತ್ತಾಳೆಂದು ಇಲ್ಲಿಯವರ ನಂಬಿಕೆ. “ಈ ನೀರು ಆಲಮಟ್ಟಿಯಿಂದ ಬಂದದ್ದು, ರಾಯಚೂರಿನ ಕಡೆಯಿಂದ ಹರಿದು ಬಂದದ್ದು” ಎಂದು ತಾಯಿಯವರಿಗೆ ಹೇಳಿದೆವು. “ಹಂಗಾದರೆ ನಮಗಿಂತ ಮುಂಚೆಯೇ ಬಂದವಳು” ಎಂದರು.

ಸರವನ್ನು ಇಟ್ಟುಕೊಳ್ಳುವ ಬಗೆಯೂ ಒಂದು ಮಾತು. ಅರಗು ಬಿಸಿಗೆ ಮೆತ್ತಗಾಗುತ್ತದೆ, ಬಿಸಿಲಲ್ಲಿ ಬಿಡಬಾರದು. ಮದ್ಯಸಾರಕ್ಕೆ ಕರಗುತ್ತದೆ, ಸೆಂಟು ಹಾಕಿಕೊಂಡು ಒಣಗಿದ ಮೇಲೆಯೇ ಧರಿಸಬೇಕು. ಸ್ನಾನಕ್ಕೆ ಮುಂಚೆ ತೆಗೆದಿಡಬೇಕು. ಒಣಬಟ್ಟೆಯಿಂದ ಒರಸಿದರೆ ಸಾಕು.

ನವೆಂಬರಿನ ರಾಜ್ಯೋತ್ಸವದಲ್ಲಿ ಮಗಳು ಆ ಸರ ಹಾಕಿಕೊಂಡು ಕುಣಿಯಬೇಕೆಂದಿತ್ತು. ಹೊರಡುವ ಹೊತ್ತಿಗೆ ಅವಳು ಅದನ್ನು ಬಿಚ್ಚಿ ಅಜ್ಜಿಯ ಕೊರಳಿಗೆ ಹಾಕಿದಳು. ತಾಯಿಯವರು ಬೇಡವೆನ್ನಲಿಲ್ಲ, ಸೆರಗನ್ನು ಸ್ವಲ್ಪ ಸರಿಸಿಕೊಂಡರು, ಅಷ್ಟೆ. ಮೆಟ್ಟಿಲಿಳಿಯುವಾಗ ಪಕ್ಕದ ಮನೆಯ ತೆಲುಗು ಗೃಹಿಣಿ ಪದಕವನ್ನು ಮುಟ್ಟಿ ನೋಡಿ, ಎಲ್ಲಿಯದೆಂದು ಕೇಳಿದರು. ಅದುವರೆಗೆ ಅವರೊಡನೆ ಕೈಸನ್ನೆಯಲ್ಲೇ ಕಾಲ ಹಾಕಿದ್ದ ತಾಯಿಯವರು, “ಮಾ ಊರಿ ಚೆಟ್ಟಮ್ಮಾ” ಎಂದರು. ನಮ್ಮೂರ ಮರ!

ನಿಮ್ಮ ಮನೆಯಲ್ಲಿಯೂ ಒಂದು ಡಬ್ಬಿ ಇದ್ದೀತು. ಮಕ್ಕಳ ರಜೆ ಬರಲಿ, ತೆಗೆಯಿರಿ. ಪದಕ ಚಿನ್ನದ್ದೇ ಆಗಬೇಕೆಂದೇನೂ ಇಲ್ಲ.