ಬೀದರಿನ ಗುಪ್ತಜಲ

ಫಿನ್ಲೆಂಡ್ ದೇಶದ ಲೇಖಕಿ ಎಮ್ಮಿ ಇತಾರಂತಾ ಎಂಬಾಕೆಯ ಮೊದಲ ಕಾದಂಬರಿಯನ್ನು ಓದುತ್ತ ನಾವು ಬೀದರಿಗೆ ಪ್ರಯಾಣ ಮಾಡಿದೆವು. 2012ರಲ್ಲಿ ಫಿನ್ನಿಷ್ ಭಾಷೆಯಲ್ಲಿ ಅಚ್ಚಾದ ಈ ಗ್ರಂಥವನ್ನು ಆಕೆ ತಾನೇ ಇಂಗ್ಲಿಷಿನಲ್ಲಿಯೂ ಬರೆದಿರುವಳು. ಕಥೆ ಮುಂದಿನ ಕಾಲದ್ದು. ಭೂಮಿಯ ತಾಪವೇರಿ ಸಿಹಿನೀರು ದುರ್ಲಭವಾಗಿದೆ. ಇದ್ದಷ್ಟೂ ಸೈನ್ಯದ ವಶ. ಚಹಾವಿಧಿಯ ಆಚಾರ್ಯನ ಮಗಳಾದ ನೋರಿಯಾ ಎಂಬ ಹುಡುಗಿಗೆ ಬೆಟ್ಟದೊಳಗಿನ ಒಂದು ಗುಪ್ತ ಚಿಲುಮೆಯ ದಾರಿ ತಿಳಿದಿದೆ. ಅಲ್ಲಿ ನೀರನ್ನು ಬಚ್ಚಿಡುವುದೇ ಅಪರಾಧ. ಅಂಥವರ ಬಾಗಿಲಿಗೆ ನೀಲಿ ವೃತ್ತವನ್ನು ಬರೆಯುವರು. ಲಕ್ಷಕ್ಕೂ ಮಿಕ್ಕು ಸರೋವರಗಳುಳ್ಳ ದೇಶದವಳಿಗೆ ಇಂಥ ಕಲ್ಪನೆ ಹೇಗೆ ಬಂದಿತೋ ಎಂದು ರೈಲಿನಲ್ಲಿ ನಮ್ಮನಮ್ಮೊಳಗೆ ಚರ್ಚೆಯೇ ನಡೆಯಿತು.

ಬೀದರು ನಗರವು ಜಂಬಿಟ್ಟಿಗೆಯ ಎತ್ತರದ ಬಯಲಿನ ಮೇಲಿದೆ. ಮಳೆಯ ನೀರು ಈ ತೂತುಕಲ್ಲಿನಲ್ಲಿ ಇಳಿದು, ಅಡಿಯ ಗಟ್ಟಿ ಪದರವು ತಡೆದಲ್ಲಿ ಒಸರಾಗಿ ಹರಿಯುತ್ತದೆ. ಗುರುನಾನಕ ಝೀರಾದ ತಿಳಿನೀರು, ಎದೆಮಟ್ಟದ ನೀರಿನಲ್ಲಿ ನಡೆದೇ ದರ್ಶನ ಮಾಡಬೇಕಾದ ಝರಣಿ ನರಸಿಂಹನ ಗುಹೆ, ಇವೆಲ್ಲ ಆ ಒಸರಿನ ಕೃಪೆ. ಬಹಮನಿ ಅರಸರ ಕಾಲದಲ್ಲಿ, 15ನೆಯ ಶತಮಾನದಲ್ಲಿ, ಪಾರಸಿಕರ ಕ್ರಮದಂತೆ ನೌಬಾದಿನಲ್ಲಿ ಕರೇಜ್ ಎಂಬ ಸುರಂಗವನ್ನು ತೋಡಿದರು. ಸುರಂಗದ ತಳಕ್ಕೆ ಅತ್ಯಲ್ಪ ಇಳಿಜಾರು. ಏತವಿಲ್ಲ, ರಾಟೆಯಿಲ್ಲ, ನೀರು ತಾನಾಗಿಯೇ ಸಾಗುವುದು. ಅಲ್ಲಲ್ಲಿ ಬಾವಿಯಂತೆ ಮೇಲಕ್ಕೆ ತೆರೆದ ಕಂಡಿಗಳಿಂದ ಗಾಳಿ ಬೆಳಕು ಇಳಿಯುತ್ತವೆ; ಅಗೆದ ಮಣ್ಣನ್ನು ಅಂದು ಹೊರಕ್ಕೆ ಎತ್ತಿದ್ದೂ ಅವುಗಳಿಂದಲೇ. ಬಹುಕಾಲ ಹೂಳು ತುಂಬಿ ಮರೆತುಹೋಗಿದ್ದ ಇದನ್ನು 2010ರ ದಶಕದಲ್ಲಿ ಶುಚಿಗೊಳಿಸಿದರು. ಕಂಡಿಯೊಂದರ ಬಳಿ ಬಗ್ಗಿ ನೋಡಿದಾಗ ತಣ್ಣನೆಯ ಗಾಳಿ ಮುಖಕ್ಕೆ ಬಡಿಯಿತು. ನೋರಿಯಾಳ ಚಿಲುಮೆ ಒಂದು ಮನೆತನದ ರಹಸ್ಯ. ಇದಾದರೋ ಊರಿಗಾಗಿಯೇ ತೋಡಿದ್ದು, ಆದರೂ ಊರೇ ಮರೆತಿತ್ತು! ಯಾವುದು ಹೆಚ್ಚು ಶೋಚನೀಯವೋ ವಾಚಕರೇ ಹೇಳಬೇಕು.

ಭಾಲ್ಕಿಯ ಕಡೆಗೆ ಹೋದಂತೆ ಕೆಂಪು ನೆಲ ಮುಗಿದು ಎರೆಭೂಮಿ ಬಂದಿತು. ಆ ತಾಲ್ಲೂಕಿನ ಕಾರಂಜಾ ಜಲಾಶಯ ವಿಶಾಲವಾಗಿದೆ. ಅದಕ್ಕಾಗಿ ಹೊಲಮನೆ ಕಳೆದುಕೊಂಡವರ ಸಂಕಟವನ್ನು ಮಾತ್ರ ದಡದಲ್ಲಿ ನಿಂತು ಅಳೆಯಲಾಗದು.

ಔರಾದ್ ಕರ್ನಾಟಕದ ಉತ್ತರದ ತುದಿ. ಇಲ್ಲಿ ಅಡಿಯದು ಕರಿಗಲ್ಲು. ನೀರು ಅದರ ಬಿರುಕುಗಳಲ್ಲಿ ನಿಂತಷ್ಟೇ ಉಂಟು. ವೈಶಾಖದ ಮಧ್ಯಾಹ್ನ ಒಂದು ಹಳ್ಳಿಯ ಜಗಲಿಯ ಮೇಲೆ ಕುಳಿತೆವು. ದೂರದ ಹೊಲದ ಬಾವಿಯಿಂದ ಆಗತಾನೆ ಕೊಡ ಹೊತ್ತು ಬಂದ ಮನೆಯಾಕೆ, ನಮ್ಮ ಊರು ಹೆಸರು ಯಾವುದನ್ನೂ ಕೇಳಲಿಲ್ಲ.

“ಬಿಸಲ ಭಾಳ ಅದ್ರಿ, ಮೊದಲ ನೀರ ಕುಡೀರಿ” ಎಂದು ತಂಬಿಗೆಯನ್ನು ಮುಂದೆ ಹಿಡಿದಳು.

ಕಾದಂಬರಿ ನಮ್ಮ ಚೀಲದಲ್ಲಿತ್ತು. ಎರಡನೆಯ ತಂಬಿಗೆ ಬೇಡವೆಂದೆವು, ಆಕೆ ಕೇಳಲಿಲ್ಲ.